ಕಲ್ಲಿದ್ದಲಿನ ನೈಟ್ರೋಜನ್ ತೊಳೆದರೆ ಹೋಗಲ್ಲ

‘ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಚಿಂತೆ ಬೇಡ’ ಅನ್ನೋ ವಾದ ಕೇಳಿರ್ತೀರಿ. ಸರಿ, ಗಂಧಕ ಬಿಡಿ. ನೈಟ್ರೋಜನ್ ಕಥೆ ಏನು?

ಕಲ್ಲಿದ್ದಲಿನ ತೂಕದಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇ. 0.5ರಿಂದ 2. ಪುರಾತನ ಗಿಡಮರಗಳ ಪ್ರೋಟೀನಿನಿಂದ ಬಂದು, ಇಂಗಾಲದ ಉಂಗುರಗಳೊಳಗೇ ಹೆಣೆದುಕೊಂಡಿದೆ. ಹಾಗಾಗಿ ಮಣ್ಣಿನಂತೆ ಇದನ್ನು ತೊಳೆದು ತೆಗೆಯಲಾಗದು. ವಿದ್ಯುತ್ ಸ್ಥಾವರದಿಂದ ಹೊರಡುವ ನೈಟ್ರೋಜನ್ ಆಕ್ಸೈಡ್‌ಗಳಲ್ಲಿ ಬಹುಪಾಲು ಹುಟ್ಟೋದು ಗಾಳಿಯ ನೈಟ್ರೋಜನ್ನಿಂದಲ್ಲ, ಇದರಿಂದಲೇ. ಅವೇ ಮುಂದೆ ನಾವು ಉಸಿರಾಡುವ ಓಝೋನ್, ಸೂಕ್ಷ್ಮ ಕಣಗಳಾಗುತ್ತವೆ.

ಬಿಸಿ ತಾಗಿದ ಕೂಡಲೇ ಒಂದು ಭಾಗ ಅನಿಲವಾಗಿ ಹೊರಬರುತ್ತೆ. ಆಗ ಗಾಳಿ ಕಡಿಮೆ ಕೊಟ್ಟರೆ ಅದರಲ್ಲಿ ಹೆಚ್ಚಿನದು ನಿರುಪದ್ರವಿ ನೈಟ್ರೋಜನ್ ಆಗುತ್ತೆ. ಲೋ-ನಾಕ್ಸ್ ಬರ್ನರ್‌ನ ಗುಟ್ಟು ಇಷ್ಟೇ. ಉಳಿದದ್ದು ಕೆಂಡದ ಕಣದೊಳಗೇ ಕೂತು ನಿಧಾನಕ್ಕೆ ಉರಿಯುತ್ತೆ. ಬರ್ನರ್ ಆಟ ಅಲ್ಲಿ ಅಷ್ಟಾಗಿ ನಡೆಯಲ್ಲ. ಹೊಗೆಗೆ ಅಮೋನಿಯಾ ಬೆರೆಸುವ ದುಬಾರಿ ವ್ಯವಸ್ಥೆ ಬೇಕು.

ದುಬಾರಿ ಅಂದಮೇಲೆ ಗೊತ್ತಲ್ಲ. 2004–2016ರ ಘಟಕಗಳಿಗೆ ಕೇಂದ್ರ 2015ರಲ್ಲಿ ಹಾಕಿದ್ದ ಮಿತಿ ಘನ ಮೀಟರ್‌ಗೆ 300 ಮಿಲಿಗ್ರಾಂ. 2020ರಲ್ಲಿ ಅದು 450 ಆಯ್ತು. ರಾಯಚೂರಿನ ಶಕ್ತಿನಗರದ ಎಂಟನೇ ಘಟಕ ಇದೇ ಗುಂಪಿನದು. ಅಲ್ಲಿನ ಹಳೆಯ ಏಳು ಘಟಕಗಳಿಗೆ 2015ರಲ್ಲೇ ಕೊಟ್ಟ ಮಿತಿ 600.