ವಾರಂಟಿಯೂ ಇದೆ, ಬಿಲ್ಲೂ ಬಂದಿದೆ

ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಫ್ರಿಜ್ಜಿನ ತಕರಾರನ್ನು ಕೆಜಿಎಫ್‌ನವರು ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಿ ಬಗೆಹರಿಸಿಕೊಳ್ಳಬೇಕಾದ ಕಾಲ ಮೊನ್ನೆ ಮೊನ್ನೆವರೆಗೂ ಇತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎದುರು ಪಕ್ಷದ ಕಚೇರಿಯೋ ಶಾಖೆಯೋ ಇರುವಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲಂತೂ ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದೇ ಇಲ್ಲಿನ ಸಾವಿರಾರು ಮನೆಗಳ ಬದುಕಾಯಿತು. ಕೆಲಸ ಅಲ್ಲಿ, ದೊಡ್ಡ ಸಾಮಾನಿನ ಖರೀದಿಯೂ ಎಷ್ಟೋ ಸಲ ಅಲ್ಲೇ. ಆದರೆ ಎರಡು ಸಾವಿರ ರೂಪಾಯಿಯ ರಿಪೇರಿ ಬಿಲ್ಲಿಗಾಗಿ ಕೂಲಿ ಬಿಟ್ಟು ಗ್ರಾಹಕ ವೇದಿಕೆಗೆ ಅಲೆಯುವವರು ಯಾರು?

2019ರ ಹೊಸ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದು ಈ ಲೆಕ್ಕವನ್ನು ತಿರುಗಿಸಿತು. ದೂರುದಾರ ವಾಸವಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು ಎಂದು ಅದರ 34ನೇ ಕಲಂ ಹೇಳುತ್ತದೆ. ಹಾಗಾಗಿ ರಾಬರ್ಟ್‌ಸನ್‌ಪೇಟೆಯವರಿಗೂ ಬಂಗಾರಪೇಟೆಯವರಿಗೂ ಈಗ ಕೋಲಾರದ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕಂಪನಿಯ ಮುಖ್ಯ ಕಚೇರಿ ಗುರುಗ್ರಾಮದಲ್ಲಿದ್ದರೂ ಉತ್ತರ ಕೊಡಬೇಕಾದದ್ದು ಕೋಲಾರದಲ್ಲಿ.

ಜಗಳ ಶುರುವಾಗುವುದು ಮಾತ್ರ ಅಡುಗೆಮನೆಯಲ್ಲಿ. ಫ್ರಿಜ್ಜಿನ ಬಾಗಿಲ ಮೇಲೆ ‘10 ವರ್ಷ ವಾರಂಟಿ’ ಎಂದು ದೊಡ್ಡ ಸ್ಟಿಕ್ಕರ್ ಇರುತ್ತದೆ. ನಾಲ್ಕನೇ ವರ್ಷ ಅದು ತಂಪು ಮಾಡುವುದನ್ನು ನಿಲ್ಲಿಸುತ್ತದೆ. ಬಂದ ಮೆಕ್ಯಾನಿಕ್ ಹಿಂದಿನ ತಗಡು ಬಿಚ್ಚಿ ನೋಡಿ, ‘ಕಂಪ್ರೆಸರ್ ಫ್ರೀ ಸರ್, ಗ್ಯಾಸು, ಲೇಬರ್ರು, ವಿಸಿಟಿಂಗ್ ಚಾರ್ಜು ನಿಮ್ದು’ ಅನ್ನುತ್ತಾನೆ. ಮನೆಯವರಿಗೆ ಇದು ಹಗಲುದರೋಡೆಯಂತೆ ಕಾಣುತ್ತದೆ. ಆದರೆ ಬಹಳಷ್ಟು ಸಲ ಮೆಕ್ಯಾನಿಕ್ ಹೇಳುವುದೇ ಸರಿ. ಸ್ಟಿಕ್ಕರಿನ ಹತ್ತು ವರ್ಷ ಕಂಪ್ರೆಸರ್ ಎಂಬ ಒಂದು ಭಾಗಕ್ಕೆ. ಇಡೀ ಫ್ರಿಜ್ಜಿಗೆ ಸಾಮಾನ್ಯವಾಗಿ ಒಂದೇ ವರ್ಷ. ಆ ಒಂದು ವರ್ಷದೊಳಗೆ ಗ್ಯಾಸಿಗೆ ದುಡ್ಡು ಕೇಳಿದರೆ ಜಗಳಕ್ಕೆ ಕಾರಣವಿದೆ. ಆಮೇಲೆ ಕೇಳಿದರೆ, ಕಾರ್ಡಿನಲ್ಲಿ ಏನು ಬರೆದಿದೆ ಎಂಬುದೇ ತೀರ್ಮಾನ. ಆ ಕಾರ್ಡೋ ಇರುವೆ ಗಾತ್ರದ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಊರಿಗೆ ಅದು ನಾಲ್ಕನೆಯ ಭಾಷೆ.

ಗೀಸರಿನದೂ ಇದೇ ಕಥೆ. ಟ್ಯಾಂಕಿಗೆ ಒಂದು ಅವಧಿ, ಒಳಗಿನ ಕಾಯಿಲಿಗೆ ಅದಕ್ಕಿಂತ ಕಡಿಮೆ. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎನ್ನುವುದು ಬೇಳೆ ಬೇಯಿಸುವವರಿಗೆಲ್ಲ ಗೊತ್ತು. ಸುಣ್ಣದ ಪದರ ಕಟ್ಟಿ ಕಾಯಿಲ್ ಸುಟ್ಟರೆ ‘ಗಡಸು ನೀರಿನಿಂದಾದ ಹಾನಿ ವಾರಂಟಿಗೆ ಸೇರದು’ ಎಂಬ ಸಾಲನ್ನು ಕೆಲವು ಕಂಪನಿಗಳು ತೋರಿಸುತ್ತವೆ. ನೀರು ಶುದ್ಧ ಮಾಡುವ ಯಂತ್ರದ ಫಿಲ್ಟರನ್ನೂ ಸವೆಯುವ ಭಾಗವೆಂದು ಹೊರಗಿಡುವುದು ರೂಢಿ. ಈ ಷರತ್ತುಗಳನ್ನು ಕೊಳ್ಳುವ ಮೊದಲೇ ಅಂಗಡಿಯಲ್ಲಿ ಓದಿಸಿಕೊಳ್ಳುವುದು ಒಳ್ಳೆಯದು, ಅಂಗಡಿಯವರು ಗೊಣಗಿದರೂ ಸರಿ.

ನಿಜವಾದ ತಕರಾರು ಇರುವುದು ಇನ್ನೊಂದು ಜಾತಿಯ ಬಿಲ್ಲಿನಲ್ಲಿ. ವಾರಂಟಿ ಪೂರ್ತಿ ಜೀವಂತವಾಗಿದೆ, ಕೆಟ್ಟ ಭಾಗವೂ ಅದರೊಳಗೇ ಬರುತ್ತದೆ, ಆದರೆ ‘ತಪ್ಪು ನಿಮ್ಮದು’ ಎಂದು ಸರ್ವೀಸ್ ಸೆಂಟರ್ ಹೇಳುತ್ತದೆ. ವೋಲ್ಟೇಜ್ ಏರಿಳಿತ, ನೀರು ಹೋಗಿದೆ, ಇಲಿ ವೈರ್ ಕಡಿದಿದೆ, ಕೆಳಗೆ ಬಿದ್ದಿದೆ. ಕೆಲವು ಸಲ ಇವು ಸತ್ಯವೇ. ಕೆಲವು ಸಲ ಬರೀ ನೆಪ.

ಬೆಂಗಳೂರಿನ ಫ್ರೇಜರ್ ಟೌನಿನ ಯುವಕರೊಬ್ಬರ ಪ್ರಕರಣ ಈ ವಿಷಯದಲ್ಲಿ ಓದಬೇಕಾದದ್ದು. 2021ರ ಅಕ್ಟೋಬರಿನಲ್ಲಿ ಅವರು ಒಂದು ವರ್ಷದ ವಾರಂಟಿಯೊಂದಿಗೆ ಐಫೋನ್ 13 ಕೊಂಡರು. 2022ರ ಆಗಸ್ಟಿನಲ್ಲಿ ಬ್ಯಾಟರಿ, ಸ್ಪೀಕರ್ ತೊಂದರೆ ಕೊಟ್ಟವು. ಇಂದಿರಾನಗರದ ಸರ್ವೀಸ್ ಸೆಂಟರ್ ಮೊದಲು ಸಣ್ಣ ದೋಷವೆಂದಿತು, ರಿಪೇರಿ ಆಯಿತೆಂದಿತು. ಫೋನು ಸರಿಯಾಗಿರಲಿಲ್ಲ. ಮತ್ತೆ ಕೊಟ್ಟಾಗ, ಹೊರಗಿನ ಜಾಲರಿಯಲ್ಲಿ ಅಂಟಿನಂಥ ಪದಾರ್ಥ ಸಿಕ್ಕಿದೆ, ಇದು ವಾರಂಟಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಅವರು ಮೇಲ್ ಬರೆದರು, ಅಕ್ಟೋಬರಿನಲ್ಲಿ ಲೀಗಲ್ ನೋಟಿಸ್ ಕೊಟ್ಟರು, ಡಿಸೆಂಬರಿನಲ್ಲಿ ಆಯೋಗಕ್ಕೆ ಹೋದರು. ಫೋನಿನ ಬೆಲೆ 79,900 ರೂಪಾಯಿಯನ್ನು ಬಡ್ಡಿಸಮೇತ ಹಿಂದಿರುಗಿಸಿ, ಪಟ್ಟ ಪಾಡಿಗೆ 20,000 ರೂಪಾಯಿ ಕೊಡಿ ಎಂದು 2023ರಲ್ಲಿ ಆದೇಶವಾಯಿತು. ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ದಿನಾಂಕಗಳ ಸಾಲು. ಮೊದಲ ಸಲ ಫೋನು ಕೊಟ್ಟದ್ದು ವಾರಂಟಿ ಮುಗಿಯುವ ಮುಂಚೆ, ಮತ್ತು ಪ್ರತಿ ಹೆಜ್ಜೆಯೂ ಬರವಣಿಗೆಯಲ್ಲಿತ್ತು.

ಸೇವೆಯಲ್ಲಿ ಕೊರತೆ ಇದೆ ಎಂದು ತೋರಿಸುವ ಹೊಣೆ ಮೊದಲಿಗೆ ದೂರುದಾರನದೇ. ಸುಪ್ರೀಂ ಕೋರ್ಟ್ 2021ರ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಇದನ್ನು ಮತ್ತೆ ಹೇಳಿದೆ. ಹಾಗಾಗಿ ಜಾಬ್ ಶೀಟ್ ಎಂಬ ಆ ತೆಳು ಹಾಳೆಗೆ ಭಾರಿ ಬೆಲೆ. ವಸ್ತುವನ್ನು ಕೈಬಿಡುವ ಮುನ್ನ ಅದರಲ್ಲಿ ದೋಷವೇನು, ವಸ್ತು ಯಾವ ಸ್ಥಿತಿಯಲ್ಲಿದೆ ಎಂದು ಬರೆಸಬೇಕು. ವಾರಂಟಿ ನಿರಾಕರಿಸಿದರೆ ಯಾವ ಷರತ್ತಿನಡಿ, ಯಾವ ಕಾರಣಕ್ಕೆ ಎಂಬುದನ್ನೂ ಬರೆದು ಕೊಡಿ ಎಂದು ಕೇಳಬೇಕು. ಬಾಯಿಮಾತಿನಲ್ಲಿ ‘ವಾಟರ್ ಡ್ಯಾಮೇಜ್’ ಎಂದು ಗಟ್ಟಿಯಾಗಿ ಹೇಳಿದವರು ಅದನ್ನೇ ಸಹಿ ಹಾಕಿ ಕೊಡಲು ಹಿಂದೆಮುಂದೆ ನೋಡುವುದುಂಟು. ಬರೆದುಕೊಡದಿದ್ದರೆ ಅದೇ ದಿನ ಕಂಪನಿಗೆ ಮೇಲ್ ಕಳಿಸಿ ನಡೆದದ್ದನ್ನು ದಾಖಲಿಸಿದರಾಯಿತು. ತೆಗೆದ ಹಳೆಯ ಭಾಗದ ಫೋಟೋ ಇದ್ದರೆ ಇನ್ನೂ ಗಟ್ಟಿ. ಪರೀಕ್ಷೆ ಇಲ್ಲದೆ ದೋಷ ತಿಳಿಯದು ಅನ್ನಿಸಿದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು.

ಹಾಲು, ಮೊಸರು, ಮಗುವಿನ ಔಷಧಿ ಇಡುವ ಫ್ರಿಜ್ಜನ್ನು ತೀರ್ಪು ಬರುವತನಕ ಕೆಟ್ಟೇ ಇರಲಿ ಎಂದು ಬಿಡಲಾಗುವುದಿಲ್ಲ. ದುಡ್ಡು ಕೊಟ್ಟು ಮಾಡಿಸಿಕೊಳ್ಳಬೇಕಾದೀತು. ಆಗ ಬಿಲ್ಲಿನ ಮೇಲೆಯೇ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದು ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳುವುದು ಜಾಣತನ. ಬಿಲ್ಲಿಲ್ಲದೆ ಕೈಗೆ ದುಡ್ಡು ಕೊಟ್ಟರೆ ಕಥೆ ಅಲ್ಲಿಗೇ ಮುಗಿಯಿತು. ಅಂದಹಾಗೆ ಬಿಲ್ ಕೊಡದಿರುವುದೂ ಹೊಸ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯೇ.

‘ಹೊರಗಡೆ ಬಿಚ್ಚಿಸಿದ್ದೀರಿ, ವಾರಂಟಿ ಹೋಯ್ತು’ ಎಂಬ ಮಾತು ಇನ್ನೊಂದು. ಕಾರುಗಳ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬೇರೆ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡುವಂತಿಲ್ಲ, ಆ ಗ್ಯಾರೇಜಿನ ತಪ್ಪಿನಿಂದ ಕೆಟ್ಟಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂಬುದು ಅದರ ನಿಲುವು. ಆದೇಶ ಹೊರಟದ್ದು ಕಾರಿನ ಮೇಲೆ; ಮಿಕ್ಸಿ, ಮೊಬೈಲಿಗೆ ಅದು ನೇರವಾಗಿ ಅನ್ವಯಿಸದು. ಹಾಗಾಗಿ ಕೆಜಿಎಫ್‌ನ ಎಂ.ಜಿ. ಮಾರ್ಕೆಟ್ ಸುತ್ತಿನ ಗುರುತಿನ ಮೆಕ್ಯಾನಿಕ್ ಎಷ್ಟೇ ಕೈಚಳಕದವನಿರಲಿ, ವಾರಂಟಿ ಇರುವ ವಸ್ತುವನ್ನು ಮೊದಲು ಅವನ ಕೈಗೆ ಕೊಡದಿರುವುದೇ ಕ್ಷೇಮ.

ದೂರಿನ ದಾರಿ ಜನ ಅಂದುಕೊಂಡಷ್ಟು ಮುಳ್ಳಿನದಲ್ಲ. ಮೊದಲಿಗೆ 1915ಕ್ಕೆ ಕರೆ ಮಾಡಬಹುದು. ಈ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ, ದೂರನ್ನು ಕಂಪನಿಗೆ ದಾಟಿಸುತ್ತದೆ. ಅದಕ್ಕೆ ತೀರ್ಪು ಕೊಡುವ ಅಧಿಕಾರವಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಆಯೋಗ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಆನ್‌ಲೈನಿನಲ್ಲೂ ಸಲ್ಲಿಸಬಹುದು, ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸಿ ಎಂದು ಕೇಳಲು ಅವಕಾಶವಿದೆ. ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಬಯಸುತ್ತದೆ. ಬಯಸುವುದಕ್ಕೂ ಆಗುವುದಕ್ಕೂ ಅಂತರ ಇದ್ದೇ ಇದೆ.

ಕೇಳುವಾಗ ಹದವಿರಬೇಕು. ಒಂದು ಭಾಗ ಕೆಟ್ಟಿದ್ದಕ್ಕೆ ಹೊಸ ವಸ್ತುವನ್ನೇ ಕೊಡಿ ಎಂದು ಹಟ ಹಿಡಿದರೆ, 2006ರ ಮಾರುತಿ ಪ್ರಕರಣವನ್ನು ಕಂಪನಿಯ ವಕೀಲರು ಮುಂದಿಡುತ್ತಾರೆ. ವಾರಂಟಿ ಭಾಗ ಬದಲಿಸಿಕೊಡುವುದಕ್ಕೆ ಇದ್ದರೆ ಭಾಗವನ್ನೇ ಬದಲಿಸಬೇಕು, ಇಡೀ ಕಾರನ್ನಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತ್ತು. ವಸೂಲು ಮಾಡಿದ ರಿಪೇರಿ ಹಣ, ಅದಕ್ಕೆ ಬಡ್ಡಿ, ಓಡಾಟದ ಖರ್ಚು, ಪಟ್ಟ ತೊಂದರೆಗೆ ಒಂದು ಮೊತ್ತ ಇಷ್ಟನ್ನು ಲೆಕ್ಕ ಸಮೇತ ಕೇಳುವ ದೂರಿಗೆ ಬಲ ಹೆಚ್ಚು. ಆದೇಶದ ವಿರುದ್ಧ ಕಂಪನಿ ರಾಜ್ಯ ಆಯೋಗಕ್ಕೆ ಹೋಗಬೇಕಾದರೆ 45 ದಿನದೊಳಗೆ ಹೋಗಬೇಕು, ಅದೂ ಕೊಡಬೇಕಾದ ಹಣದಲ್ಲಿ ಅರ್ಧವನ್ನು ಠೇವಣಿ ಇಟ್ಟು. ಆದೇಶ ಪಾಲಿಸದೆ ಸುಮ್ಮನಿದ್ದರೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಮೂರು ವರ್ಷದವರೆಗಿನ ಸೆರೆವಾಸ, ಇಲ್ಲವೇ ಎರಡೂ 72ನೇ ಕಲಮಿನಲ್ಲಿವೆ.