ನುಂಗಿದ ಮಾತ್ರೆ ರಕ್ತ ಸೇರುವ ಬಗೆ

ಕಣ್ಣಿಗೆ ಬಿಡುವ ಹನಿ, ಗಾಯಕ್ಕೆ ಹಚ್ಚುವ ಮುಲಾಮಿನಂಥ ಕೆಲವನ್ನು ಬಿಟ್ಟರೆ, ಔಷಧ ಕೆಲಸ ಮಾಡಬೇಕಾದರೆ ಮೊದಲು ರಕ್ತವನ್ನು ಸೇರಬೇಕು. ದೇಹದೊಳಗೆ ಹೊಕ್ಕ ಜಾಗದಿಂದ ಔಷಧ ರಕ್ತಕ್ಕೆ ದಾಟುವ ಕ್ರಿಯೆಯೇ ಹೀರಿಕೆ. ಕೊಟ್ಟ ಔಷಧದಲ್ಲಿ ಎಷ್ಟು ಪಾಲು ತನ್ನ ಮೂಲ ರೂಪದಲ್ಲೇ ರಕ್ತಪರಿಚಲನೆಗೆ ಸಿಗುತ್ತದೆಯೋ ಅದು ಅದರ ಜೈವಿಕ ಲಭ್ಯತೆ. ‘ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಿ’, ‘ನಾಲಿಗೆಯ ಕೆಳಗೆ ಇಟ್ಟುಕೊಳ್ಳಿ’, ‘ಪುಡಿ ಮಾಡಬೇಡಿ’ ಎಂದು ವೈದ್ಯರು ಹೇಳುವುದರ ಹಿಂದೆ ಬಹುಮಟ್ಟಿಗೆ ಇದೇ ಲೆಕ್ಕ ಇರುತ್ತದೆ.

ಮಾತ್ರೆ ಇಡಿಯಾಗಿ ರಕ್ತಕ್ಕೆ ಹೋಗಲಾರದು. ಅದು ಮೊದಲು ಒಡೆದು ಪುಡಿಯಾಗಬೇಕು, ಆ ಪುಡಿ ಜಠರ ಅಥವಾ ಕರುಳಿನ ದ್ರವದಲ್ಲಿ ಕರಗಬೇಕು. ಔಷಧ ಮೊದಲೇ ಕರಗಿರುವ ಸಿರಪ್‌ಗಳಿಗೆ ಈ ಹಂತಗಳಿಲ್ಲ. ಹಾಗಾಗಿ ಅವು ಸಾಮಾನ್ಯವಾಗಿ ಬೇಗ ಹೀರಲ್ಪಡುತ್ತವೆ. ಒಮೆಪ್ರಜೋಲ್‌ನಂಥ ಔಷಧಗಳು ಜಠರದ ಆಮ್ಲದಲ್ಲಿ ಕೆಟ್ಟುಹೋಗುವುದರಿಂದ, ಕರುಳಿಗೆ ಬಂದ ಮೇಲೆ ಮಾತ್ರ ಕರಗುವ ಲೇಪವನ್ನು ಅವಕ್ಕೆ ಕೊಟ್ಟಿರುತ್ತಾರೆ. ಇನ್ನು ಕೆಲವು ಮಾತ್ರೆಗಳು ದಿನವಿಡೀ ಸ್ವಲ್ಪಸ್ವಲ್ಪವೇ ಔಷಧ ಬಿಡುವಂತೆ ತಯಾರಾಗಿರುತ್ತವೆ. ಇವನ್ನು ಅರೆದು ಕೊಟ್ಟರೆ ಇಡೀ ದಿನದ ಪ್ರಮಾಣ ಒಮ್ಮೆಗೇ ರಕ್ತಕ್ಕೆ ನುಗ್ಗಿ ಅಪಾಯವಾಗಬಹುದು.

ಹೀರಿಕೆಯ ಮುಖ್ಯ ತಾಣ ಜಠರವಲ್ಲ, ಸಣ್ಣ ಕರುಳು. ಅದರ ಒಳಗೋಡೆಯಲ್ಲಿ ಮಡಿಕೆಗಳಿವೆ, ಮಡಿಕೆಗಳ ಮೇಲೆ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿವೆ, ಆ ಚಾಚುಗಳ ಜೀವಕೋಶಗಳ ಮೇಲೆ ಇನ್ನೂ ಕಿರಿದಾದ ಚಾಚುಗಳಿವೆ. ಇವೆಲ್ಲ ಸೇರಿ ಸುಮಾರು 30 ಚದರ ಮೀಟರಿನಷ್ಟು ಮೇಲ್ಮೈ ಒದಗಿಸುತ್ತವೆ ಎಂಬುದು ಈಚಿನ ಅಂದಾಜು. ಆದ್ದರಿಂದ ಜಠರ ಎಷ್ಟು ಬೇಗ ಬರಿದಾಗಿ ಔಷಧವನ್ನು ಕರುಳಿಗೆ ದೂಡುತ್ತದೆ ಎಂಬುದು ಪರಿಣಾಮದ ವೇಗವನ್ನು ನಿರ್ಧರಿಸುತ್ತದೆ. ಹೊಟ್ಟೆ ತುಂಬ ಉಂಡ ಮೇಲೆ ನುಂಗಿದ ನೋವಿನ ಮಾತ್ರೆ ತಡವಾಗಿ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಕರುಳಿನ ಜೀವಕೋಶದ ಪೊರೆ ಕೊಬ್ಬಿನಂಶದ ಎರಡು ಪದರಗಳಿಂದಾಗಿದೆ. ಕೊಬ್ಬಿನಲ್ಲಿ ಕರಗಬಲ್ಲ, ವಿದ್ಯುದಂಶವಿಲ್ಲದ ಸಣ್ಣ ಅಣುಗಳು ಸಾಂದ್ರತೆ ಹೆಚ್ಚಿರುವ ಕರುಳಿನ ಕಡೆಯಿಂದ ಕಡಿಮೆಯಿರುವ ರಕ್ತದ ಕಡೆಗೆ ತಾವಾಗಿಯೇ ದಾಟುತ್ತವೆ. ಹೆಚ್ಚಿನ ಔಷಧಗಳ ದಾರಿ ಇದು. ಕೆಲವಕ್ಕೆ ವಾಹಕ ಪ್ರೋಟೀನ್‌ಗಳ ನೆರವು ಬೇಕು. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ, ಆಹಾರದ ಅಮೈನೊ ಆಮ್ಲಗಳನ್ನು ಒಯ್ಯುವ ವಾಹಕಗಳನ್ನೇ ಬಳಸುತ್ತದೆ. ಹೀಗಾಗಿ ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ಅದರ ಹೀರಿಕೆ ತಗ್ಗುತ್ತದೆ. ಜೀವಕೋಶದೊಳಗೆ ಬಂದ ಔಷಧವನ್ನು ಮತ್ತೆ ಕರುಳಿಗೇ ಎತ್ತಿಹಾಕುವ ಪ್ರೋಟೀನ್‌ಗಳೂ ಇವೆ. ಹೃದ್ರೋಗಕ್ಕೆ ಕೊಡುವ ಡಿಜಾಕ್ಸಿನ್‌ನ ಒಂದು ಪಾಲು ಹೀಗೆ ಹಿಂದಿರುಗುತ್ತದೆ.

ಆಹಾರದ ಪ್ರಭಾವ ಔಷಧದಿಂದ ಔಷಧಕ್ಕೆ ಬೇರೆ. ಹಾಲಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಕಟ್ಟಿಹಾಕಿ ಹೀರಿಕೆಯನ್ನು ತಡೆಯುತ್ತದೆ. ಚಹಾದಲ್ಲಿರುವ ಟ್ಯಾನಿನ್‌ಗಳು ಕಬ್ಬಿಣದ ಮಾತ್ರೆಗೆ ಅಡ್ಡಿಯಾಗುತ್ತವೆ. ಥೈರಾಯ್ಡ್ ಮಾತ್ರೆಗೆ ಬರಿಹೊಟ್ಟೆಯೇ ಒಳ್ಳೆಯದು. ಇದಕ್ಕೆ ವಿರುದ್ಧವಾಗಿ, ಅಲ್ಬೆಂಡಜೋಲ್ ಜಿಡ್ಡಿನಂಶದ ಊಟದೊಂದಿಗೆ ಹೆಚ್ಚು ಹೀರಲ್ಪಡುತ್ತದೆ.

ಕರುಳು ದಾಟಿದ ಔಷಧ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಜಠರ ಮತ್ತು ಕರುಳಿನ ರಕ್ತವೆಲ್ಲ ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತಿಗೆ ಹರಿಯುತ್ತದೆ. ಸುಂಕದ ಕಟ್ಟೆಯಲ್ಲಿ ಸರಕಿನ ಪಾಲು ಕಡಿತವಾಗುವ ಹಾಗೆ, ಇಲ್ಲಿನ ಕಿಣ್ವಗಳು ಔಷಧದ ಒಂದಂಶವನ್ನು ರಕ್ತಪರಿಚಲನೆಗೆ ಸೇರುವ ಮುನ್ನವೇ ಒಡೆದುಬಿಡುತ್ತವೆ. ನುಂಗಿದ ಮಾರ್ಫಿನ್‌ನಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಮಾತ್ರ ಉಳಿಯುವುದರಿಂದ ಇಂಜೆಕ್ಷನ್‌ಗಿಂತ ಮಾತ್ರೆಯ ಪ್ರಮಾಣ ಹೆಚ್ಚಿರಬೇಕಾಗುತ್ತದೆ. ಯಕೃತ್ತು ಕಾಯಿಲೆಗೆ ತುತ್ತಾದಾಗ ಈ ಕಡಿತ ಕಡಿಮೆಯಾಗಿ, ಪ್ರೊಪ್ರಾನೊಲಾಲ್‌ನಂಥ ಔಷಧಗಳು ರಕ್ತದಲ್ಲಿ ಅಗತ್ಯಕ್ಕಿಂತ ಹೆಚ್ಚಾಗಬಹುದು.

ಯಕೃತ್ತನ್ನು ತಪ್ಪಿಸಿ ಹೋಗುವ ದಾರಿಗಳೂ ಇವೆ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆ ನಾಲಿಗೆಯ ಕೆಳಗಿನ ತೆಳು ಪೊರೆಯ ಮೂಲಕ ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ. ಅದನ್ನೇ ನುಂಗಿದರೆ ಯಕೃತ್ತು ಬಹುಪಾಲನ್ನು ಒಡೆಯುತ್ತದೆ. ಶ್ವಾಸಕೋಶದ ವಿಶಾಲವಾದ, ತೆಳುವಾದ ಗಾಳಿಗೂಡುಗಳಿಂದಾಗಿ ಅರಿವಳಿಕೆ ಅನಿಲಗಳು ಬಲು ಬೇಗ ರಕ್ತಕ್ಕಿಳಿಯುತ್ತವೆ. ಚರ್ಮಕ್ಕೆ ಅಂಟಿಸುವ ಪಟ್ಟಿ ನಿಧಾನವಾಗಿ, ಗಂಟೆಗಟ್ಟಲೆ ಔಷಧ ಒದಗಿಸುತ್ತದೆ. ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ಆಹಾರದಂತೆ ಜೀರ್ಣವಾಗಿಹೋಗುವುದರಿಂದ ಅದನ್ನು ಚರ್ಮದಡಿಗೆ ಚುಚ್ಚುತ್ತಾರೆ. ತೀವ್ರ ಅಲರ್ಜಿಯಿಂದ ಪ್ರಾಣಾಪಾಯ ಎದುರಾದಾಗ ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡುವುದು, ಅಲ್ಲಿ ರಕ್ತಸಂಚಾರ ಚೆನ್ನಾಗಿದ್ದು ಹೀರಿಕೆ ವೇಗವಾಗಿ ಆಗುತ್ತದೆ ಎಂಬ ಕಾರಣಕ್ಕೆ. ಅಭಿಧಮನಿಗೇ ಕೊಟ್ಟರೆ ಹೀರಿಕೆಯ ಪ್ರಶ್ನೆಯೇ ಇಲ್ಲ, ಜೈವಿಕ ಲಭ್ಯತೆ ಶೇ. 100.

ರಕ್ತದಲ್ಲಿ ಔಷಧದ ಮಟ್ಟ ತೀರಾ ಕೆಳಗಿದ್ದರೆ ರೋಗ ಜಗ್ಗದು, ಮಿತಿ ಮೀರಿದರೆ ಔಷಧವೇ ವಿಷವಾದೀತು. ಆದ್ದರಿಂದ ಯಾವಾಗ, ಯಾವುದರ ಜೊತೆ, ಹೇಗೆ ತೆಗೆದುಕೊಳ್ಳಬೇಕು ಎಂಬ ಸೂಚನೆಯೂ ಮಿಲಿಗ್ರಾಂ ಲೆಕ್ಕದಷ್ಟೇ ಚಿಕಿತ್ಸೆಯ ಭಾಗ. ಅದನ್ನು ಬದಲಿಸುವ ಮುನ್ನ ವೈದ್ಯರನ್ನೋ ಔಷಧ ತಜ್ಞರನ್ನೋ ಕೇಳಬೇಕು.