ಒಗ್ಗರಣೆ ಡಬ್ಬಿಯಲ್ಲಿ ಯುರೇನಸ್

ತಿಪಟೂರಿನಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ಮಗ್ಗುಲಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ತಮ್ಮ ಟೆಲಿಸ್ಕೋಪಿನ ಐಪೀಸುಗಳನ್ನು, ಅಂದರೆ ಕಣ್ಣಿಟ್ಟು ನೋಡುವ ತುದಿಗೆ ಹಾಕುವ ಲೆನ್ಸುಗಳನ್ನು, ಒಗ್ಗರಣೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ದುಂಡನೆಯ ಸ್ಟೀಲ್ ಡಬ್ಬಿ, ಒಳಗೆ ಏಳು ಬಟ್ಟಲು. ಸಾಸಿವೆ ಇರಬೇಕಾದಲ್ಲಿ 32 ಎಂಎಂ ಮಲಗಿದೆ. ಜೀರಿಗೆಯ ಜಾಗದಲ್ಲಿ 25, ಮೆಂತ್ಯದ ಜಾಗದಲ್ಲಿ 10, ನಡುಬಟ್ಟಲಲ್ಲಿ ಹತ್ತಿಯ ಮೇಲೆ 6. ಐಪೀಸಿನ ವರ್ಧನೆ ಹೆಚ್ಚಿಸುವ ಬಾರ್ಲೋ ಲೆನ್ಸು ಉದ್ದವಾಯಿತೆಂದು ಹಳೆಯ ಕಾಲುಚೀಲದೊಳಗೆ ಹೋಗಿದೆ. ಮುಚ್ಚಳ ತೆಗೆದರೆ ಇವತ್ತಿಗೂ ಇಂಗಿನ ವಾಸನೆ. “ನನ್ನ ಡಬ್ಬಿ ಹೋಗಿ ಆರು ವರ್ಷ ಆಯ್ತು” ಎಂದು ಅಮ್ಮಾವ್ರು ಒಳಗಿನಿಂದಲೇ ಹೇಳಿದರು. ಮೇಷ್ಟ್ರು ಕೇಳಿಸದವರಂತೆ ಟಾರ್ಚಿಗೆ ಕೆಂಪು ಕಾಗದ ಸುತ್ತುತ್ತಿದ್ದರು.

ನಾನು ಹೋದದ್ದು 2025ರ ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸಿನಲ್ಲಿ. ಆರು ಇಂಚಿನ ಕನ್ನಡಿಯನ್ನು ಕೈಯಲ್ಲೇ ಉಜ್ಜಿ ಟೆಲಿಸ್ಕೋಪ್ ಮಾಡಿದವರು ಎಂದು ಕೇಳಿ ಕನ್ನಡಿಯ ಕಥೆ ಬರೆಯಲು ಹೋಗಿದ್ದೆ. ವಾಪಸು ಬಂದದ್ದು ಡಬ್ಬಿಯ ಕಥೆ ಹಿಡಿದುಕೊಂಡು. ಆ ಕನ್ನಡಿಯ ಸಂಗಮದೂರ 1200 ಮಿಲಿಮೀಟರ್. ಅದನ್ನು ಐಪೀಸಿನ ಮೇಲಿನ ಅಂಕಿಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ: 25ಕ್ಕೆ 48, 10ಕ್ಕೆ 120, 6ಕ್ಕೆ 200. ಅಂಕಿ ಚಿಕ್ಕದಾದಷ್ಟೂ ವರ್ಧನೆ ಹೆಚ್ಚು. ಟೆಲಿಸ್ಕೋಪ್ ಕೊಂಡವರೆಲ್ಲ ಮೊದಲ ದಿನವೇ ಕಲಿಯುವ ಈ ಲೆಕ್ಕವೇ ಮುಂದೆ ಅವರನ್ನು ಹಾಳು ಮಾಡುವುದೂ ಹೌದು.

ನನ್ನನ್ನೂ ಹಾಳು ಮಾಡಿತ್ತು. ಹನ್ನೆರಡು ವರ್ಷದ ಹಿಂದೆ ಅಂಗಡಿಯೊಂದರಲ್ಲಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘525 ಪಟ್ಟು’ ಎಂದಿದ್ದ ಟೆಲಿಸ್ಕೋಪ್ ಕೊಂಡು ತಂದಿದ್ದೆ. ಲೆಕ್ಕ ಸುಳ್ಳೇನಲ್ಲ. 700ನ್ನು 4ರಿಂದ ಭಾಗಿಸಿದರೆ 175, ಅದಕ್ಕೆ ಮೂರು ಪಟ್ಟಿನ ಬಾರ್ಲೋ ತೊಡಿಸಿದರೆ 525. ಆದರೆ ಅದರ ಮುಂದಿನ ಲೆನ್ಸಿನ ಅಗಲ ಬರೀ 60 ಮಿಲಿಮೀಟರ್. ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅಂದರೆ 120, ಅದರ ಮಿತಿ. ಅದರಾಚೆ ಎಳೆಯುವುದು ಸಾರಿಗೆ ನೀರು ಬೆರೆಸಿದ ಹಾಗೆ. ಪಾತ್ರೆ ತುಂಬುತ್ತದೆ, ರುಚಿ ಇದ್ದಷ್ಟೇ. ಗುರು ಗ್ರಹವೆಂದು ನಾನು ಮನೆಯವರಿಗೆಲ್ಲ ತೋರಿಸಿದ್ದು ನೀರಿನಡಿಯಲ್ಲಿ ನಡುಗುವ ಬೂದು ಇಡ್ಲಿಯನ್ನು. ಮೂರೇ ದಿನಕ್ಕೆ ಟೆಲಿಸ್ಕೋಪ್ ಅಟ್ಟ ಸೇರಿತು.

ಮೇಷ್ಟ್ರು ತಾರಸಿ ಹತ್ತುವುದಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ನಡುರಾತ್ರಿಯವರೆಗೂ ಬಿಸಿಗಾಳಿ ಬಿಡುತ್ತದೆ, 200 ಪಟ್ಟಿನಲ್ಲಿ ಆ ಗಾಳಿಯೂ 200 ಪಟ್ಟು ಕುಣಿಯುತ್ತದೆ ಎನ್ನುತ್ತಾರೆ. ಹಾಗಾಗಿ ರಾಗಿ ಕೊಯ್ಲಿಗೆ ಸಾರಿಸಿದ ಕಣವೇ ಅವರ ವೀಕ್ಷಣಾಲಯ. ಒಂದು ಕಡೆ ಮೆದೆ, ಇನ್ನೊಂದು ಕಡೆ ಪ್ಲೈವುಡ್ಡಿನ ಪೀಠದ ಮೇಲೆ ಟೆಲಿಸ್ಕೋಪು. ಮೊದಲು 32 ಹಾಕಿ ಕೃತ್ತಿಕೆ ತೋರಿಸಿದರು. ಬರಿಗಣ್ಣಿಗೆ ಕಾಣುವ ಆರೇಳು ಜನರೂ ಒಂದೇ ನೋಟದಲ್ಲಿ ಹಿಡಿಸಿದರು, ಹಿಂದೆ ಪುಡಿ ನಕ್ಷತ್ರಗಳ ಹಿಂಡು. ಆಮೇಲೆ ತುಂಟತನಕ್ಕೆ 10 ಹಾಕಿದರು. ಒಂದೆರಡು ಚುಕ್ಕಿ ಬಿಟ್ಟರೆ ಬರೀ ಕತ್ತಲೆ. “ಮದುವೆಮನೆಗೆ ಹೋಗಿ ಒಬ್ಬರ ಮೂಗುಬಟ್ಟು ನೋಡ್ಕೊಂಡು ಬಂದಂಗಾಯ್ತು, ಅಲ್ವಾ ಸ್ವಾಮಿ?”

ಅಲ್ಲಿಂದ ಮುಂದಿನದ್ದೇ ನನಗೆ ಇನ್ನೂ ನಿದ್ದೆ ಕೆಡಿಸುತ್ತಿರುವ ಭಾಗ. ಕೃತ್ತಿಕೆಯಿಂದ ಕೈ ಚಾಚಿ ಮೂರು ಬೆರಳಿನಷ್ಟು ದಕ್ಷಿಣಕ್ಕೆ ಸರಿಸಿ, 25 ಎಂಎಂ ಹಾಕಿ, “ಇಲ್ಲೊಂದು ನಕ್ಷತ್ರ ಅಲ್ಲ, ಯಾವುದು ಹೇಳಿ” ಎಂದರು. ಎಲ್ಲವೂ ನಕ್ಷತ್ರವೇ. 10 ಹಾಕಿದರು. ನಡುವಿನದು ಯಾಕೋ ಚೂರು ಉಬ್ಬಿದ ಹಾಗಿತ್ತು, ಗಟ್ಟಿಯಾಗಿ ಹೇಳಲಾರೆ. 6 ಹಾಕಿದರು. ಪುಟ್ಟದೊಂದು ಹಸಿರುನೀಲಿ ಬಿಲ್ಲೆ! ಅಂಚು ಕೂಡ ಇತ್ತು. ಟೆಲಿಸ್ಕೋಪನ್ನು ಪಕ್ಕದ ನಕ್ಷತ್ರಕ್ಕೆ ತಿರುಗಿಸಿದರೆ ಅದು 200 ಪಟ್ಟಿನಲ್ಲೂ ಚುಕ್ಕಿಯೇ. ಯುರೇನಸ್ಸನ್ನು ನನಗೆ ಯಾರೂ ತೋರಿಸಲಿಲ್ಲ, ಐಪೀಸು ಬದಲಿಸುತ್ತ ನಾನೇ ಹಿಡಿದೆ ಅನ್ನಿಸಿತು. 200 ಪಟ್ಟಿನಲ್ಲಿ ಭೂಮಿ ತಿರುಗುವ ವೇಗಕ್ಕೆ ಗ್ರಹ ನೋಟದ ಈ ತುದಿಯಿಂದ ಆ ತುದಿಗೆ ಒಂದೇ ನಿಮಿಷದಲ್ಲಿ ಓಡುತ್ತದೆ. ಕೊಳವೆಯನ್ನು ಬೆರಳಲ್ಲಿ ನೂಕುತ್ತ ನೂಕುತ್ತ ಅರ್ಧ ಗಂಟೆ ಕಳೆದೆ.

1781ರ ಮಾರ್ಚ್ 13ರ ರಾತ್ರಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ವಿಲಿಯಂ ಹರ್ಷೆಲ್ ಮಾಡಿದ್ದೂ ಇದನ್ನೇ. ಹೊಟ್ಟೆಪಾಡಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಆತನ ಕೈಯಲ್ಲಿದ್ದ ಕನ್ನಡಿಯ ಅಗಲ 6.2 ಇಂಚು, ಹೆಚ್ಚುಕಡಿಮೆ ಮೇಷ್ಟ್ರ ಕನ್ನಡಿಯಷ್ಟೇ. 227 ಪಟ್ಟಿನ ಐಪೀಸಿನಲ್ಲಿ ಒಂದು ಚುಕ್ಕಿ ಬೇರೆ ಥರ ಕಂಡಿತು. 460 ಹಾಕಿದ, ಬೆಳೆಯಿತು. 932 ಹಾಕಿದ, ಇನ್ನೂ ಬೆಳೆಯಿತು. ಪಕ್ಕದ ನಕ್ಷತ್ರಗಳು ಹಾಗೆ ಬೆಳೆಯಲಿಲ್ಲ. ಧೂಮಕೇತು ಇರಬೇಕೆಂದುಕೊಂಡ, ಆಮೇಲೆ ಗ್ರಹವೆಂದು ಗೊತ್ತಾಯಿತು. ಕಂಡದ್ದು ಕೃತ್ತಿಕೆ ಇರುವ ಇದೇ ವೃಷಭ ರಾಶಿಯಲ್ಲಿ.

ಆದರೆ ಈ ಮಹಾನುಭಾವ ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ಬಳಿ 6,450 ಪಟ್ಟಿನ ಐಪೀಸೂ ಇದೆ ಎಂದು ಹೇಳಿಕೊಂಡ! ಲಂಡನ್ನಿನ ಪಂಡಿತರು ನಂಬಲಿಲ್ಲ. ನಾನೂ ಕಾಗದ ಹಿಡಿದು ಕೂತೆ. ಕನ್ನಡಿಯ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ದಪ್ಪ ಸಿಗುತ್ತದೆ. 157ನ್ನು 6,450ರಿಂದ ಭಾಗಿಸಿದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ, ತಲೆಗೂದಲಿಗಿಂತ ತೆಳು. ಅಷ್ಟು ಸಣ್ಣ ಸಂದಿಯಲ್ಲಿ ಕಾಣುವುದು ಆಕಾಶಕ್ಕಿಂತ ನಮ್ಮ ಕಣ್ಣಿನೊಳಗಿನ ಕಸವೇ ಹೆಚ್ಚು. ಲೆನ್ಸನ್ನಂತೂ ಆತ ಉಜ್ಜಿಕೊಂಡಿದ್ದ, ಅದರಲ್ಲಿ ಸುಳ್ಳಿಲ್ಲ. ಅದರಿಂದ ಏನಾದರೂ ಉಪಯೋಗವಾಯಿತೆ ಎಂಬುದೇ ನನ್ನ ತಕರಾರು. “ಪಾಪ, ಹುಚ್ಚು ಹಿಡಿದೋನಿಗೆ ಉಪಯೋಗ ಕೇಳ್ತೀರಲ್ಲ” ಎಂದು ಮೇಷ್ಟ್ರು ಹರ್ಷೆಲ್ ಪರ ನಿಂತರು. ಗ್ರಹ ಮೊದಲು ಸಿಕ್ಕಿದ್ದು 227ರಲ್ಲಿ, ಮಿಲಿಮೀಟರಿಗೆ ಎರಡರ ಮಿತಿಯೊಳಗೇ, ಎಂಬುದನ್ನು ನಾನು ಬಿಟ್ಟುಕೊಡಲಿಲ್ಲ.

ಹರ್ಷೆಲ್ ಬಳಸಿದ್ದು ಒಂಟಿ ಲೆನ್ಸು. 1860ರಲ್ಲಿ ವಿಯೆನ್ನಾದ ಪ್ಲಾಸ್ಲ್ ಎರಡೆರಡು ಲೆನ್ಸು ಅಂಟಿಸಿದ ಎರಡು ಜೋಡಿ ಸೇರಿಸಿ ಮಾಡಿದ ಐಪೀಸೇ ಇವತ್ತಿಗೂ ಬಡವರ ಬಂಧು. ಅದರ ನೋಟದ ಅಗಲ ಸುಮಾರು 50 ಡಿಗ್ರಿ. ಅಪೋಲೊ ಯಾತ್ರಿಗಳ ತರಬೇತಿಗೆ ದೃಶ್ಯಯಂತ್ರ ರೂಪಿಸಿದ್ದ ಅಮೆರಿಕದ ಆಲ್ ನ್ಯಾಗ್ಲರ್ 1980ರ ಹೊತ್ತಿಗೆ ಅದನ್ನು 82ಕ್ಕೆ ಏರಿಸಿದರು. ಆ ಐಪೀಸಿನ ಬೆಲೆ ಕೇಳಿದರೆ ಮೇಷ್ಟ್ರು ಡಬ್ಬಿ ಮುಚ್ಚುತ್ತಾರೆ. ಜೂಮ್ ಐಪೀಸು ಅವರಿಗೆ ಕಂಡರಾಗದು, ನನಗೂ. ಅಗಲ ನೋಟ ಬೇಕಾದ ಕಡಿಮೆ ಪಟ್ಟಿನಲ್ಲೇ ಅದರ ನೋಟ ಕಿರಿದಾಗುತ್ತದೆ.

ಕನ್ನಡಕದವರಿಗೆ ಇನ್ನೊಂದು ಪೀಕಲಾಟ. ಪ್ಲಾಸ್ಲ್‌ನಲ್ಲಿ ಅಂಕಿ ಇಳಿದಂತೆ ಕಣ್ಣನ್ನು ಲೆನ್ಸಿಗೆ ಆನಿಸಬೇಕಾಗುತ್ತದೆ, 6 ಎಂಎಂನಲ್ಲಿ ರೆಪ್ಪೆಯೇ ತಾಗುತ್ತದೆ. ಬರೀ ದೂರದ್ದೋ ಹತ್ತಿರದ್ದೋ ದೋಷವಾದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿದರೆ ಸಾಕು. ಮೇಷ್ಟ್ರ 10 ಎಂಎಂ ಮೇಲೆ ಕಪ್ಪು ಮಸಿಯಿತ್ತು. ಹಿಂದಿನ ವಾರ ಊರಿನ ಹೆಣ್ಣುಮಕ್ಕಳು ಗುರುವನ್ನು ನೋಡಿ ಬಿಟ್ಟುಹೋದ ಕಾಡಿಗೆಯಂತೆ. ಅವರು ಪಂಚೆಯ ತುದಿಯಿಂದ ಒರೆಸುವವರಲ್ಲ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಆಮೇಲೆ ಹತ್ತಿಯಲ್ಲಿ ಮೆಲ್ಲಗೆ ತೆಗೆದರು.

ಕೊಳ್ಳುವುದಾದರೆ ಮೊದಲು ಏನು ಎಂದು ಕೇಳಿದೆ. ಮೇಷ್ಟ್ರ ಉತ್ತರ: ಮೊದಲು 32 ಅಥವಾ 25, ಒಂದು ವರ್ಷ ಅದರಲ್ಲೇ ತಿರುಗಿ, ಆಮೇಲೆ 10, ಆಮೇಲೆ ಎರಡು ಪಟ್ಟಿನ ಬಾರ್ಲೋ. 25 ಇದ್ದರೆ ಬಾರ್ಲೋ ಹಾಕಿದಾಗ ಅದೇ ಹನ್ನೆರಡೂವರೆ ಆಗುವುದರಿಂದ 12 ಎಂಎಂ ಕೊಳ್ಳುವುದು ದಂಡ. ಅವರ 6 ಎಂಎಂ ವರ್ಷಕ್ಕೆ ಹತ್ತು ಹದಿನೈದು ರಾತ್ರಿಗಿಂತ ಹೆಚ್ಚು ಹೊರಬರುವುದಿಲ್ಲವಂತೆ. ನೆತ್ತಿಯ ನಕ್ಷತ್ರವೂ ಮಿನುಗುತ್ತಿದ್ದರೆ ಅದಕ್ಕೆ ಅವತ್ತು ರಜೆ.

ಊರಿಗೆ ಬಂದವನೇ ಅಟ್ಟ ಹತ್ತಿ ಆ 525ರ ಡಬ್ಬ ಇಳಿಸಿದೆ. 4 ಎಂಎಂ, ಬಾರ್ಲೋ ಎರಡನ್ನೂ ಪಕ್ಕಕ್ಕಿಟ್ಟು, ಒಮ್ಮೆಯೂ ಹಾಕದೆ ಬಿಟ್ಟಿದ್ದ 20 ಎಂಎಂ ಹಾಕಿದೆ: 35 ಪಟ್ಟು. ಗುರು ಚಿಕ್ಕದಾಗಿ, ದುಂಡಗೆ, ಅಲುಗದೆ ನಿಂತಿತು, ಅದರ ನಾಲ್ಕು ದೊಡ್ಡ ಚಂದ್ರರೂ ಒಂದೇ ಸಾಲಿನಲ್ಲಿ. ನಿಮ್ಮ ಅಟ್ಟದಲ್ಲೂ ಅಂಥ ಡಬ್ಬವಿದ್ದರೆ ಇವತ್ತು ರಾತ್ರಿ ಇಳಿಸಿ, ದೊಡ್ಡ ಅಂಕಿಯ ಐಪೀಸು ಹಾಕಿ ನೋಡಿ.